ಪಾಲಿಗೆ ಬಂದ ಹೊತ್ತು

ನಾನು ಒಂದು ಬೆಳಕಿಂಡಿ. ಹುಟ್ಟಿದ್ದು ಮಾತ್ರ ಹರವಿಯಾಗಿ. ನೀರು ತುಂಬಿಕೊಂಡು ಯಾರದೋ ಅಡುಗೆಮನೆಯ ಮೂಲೆಯಲ್ಲಿ ತಣ್ಣಗೆ ಕೂತಿರಬೇಕಾದ ಬಾಳು ನನ್ನದಾಗಿತ್ತು. ಆವಿಗೆಯ ಬೆಂಕಿಯಲ್ಲಿ ತಳ ಸೀಳಿತು. ಕುಂಬಾರ ಬೆರಳಿನಿಂದ ಬಡಿದು ನೋಡಿದ, ಒಡಕು ದನಿ ಕೇಳಿದ, ಹಿತ್ತಲಿಗೆ ಎಸೆದ. ಒಂದು ಮಳೆಗಾಲ ಅಲ್ಲೇ ಬಿದ್ದಿದ್ದೆ. ಆಮೇಲೆ ಒಬ್ಬ ಗೌಂಡಿ ಬಂದು, ಉಳಿದಿದ್ದ ತಳವನ್ನೂ ತಟ್ಟಿ ಬೀಳಿಸಿ, ಹೆಗಲ ಮೇಲೆ ಇಟ್ಟುಕೊಂಡು ನಡೆದ. ನನ್ನಲ್ಲಿ ಏನು ಇಲ್ಲವೋ ಅದಕ್ಕಾಗಿಯೇ ನಾನು ಬೇಕಾಗಿದ್ದೇನೆ ಎಂದು ತಿಳಿದದ್ದು ಅಂದು.

ಬಾಗಲಕೋಟೆ ಸೀಮೆಯ ಆ ಊರಿನಲ್ಲಿ ಆಗ ಮನೆಗಳಿಗೆ ಕಿಟಕಿ ಇಡುತ್ತಿರಲಿಲ್ಲ. ಕಿಟಕಿ ಇಟ್ಟರೆ ಬಿಸಿಲೂ ಬರುತ್ತದೆ, ಕಳ್ಳನೂ ಬರುತ್ತಾನೆ. ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣು ತುಳಿದು ಮಾಡಿದ ಮಾಳಿಗೆ. ಬೀದಿಗೆ ಒಂದು ಬಾಗಿಲು, ಆಕಾಶಕ್ಕೆ ಒಂದು ಕಿಂಡಿ, ಅಷ್ಟೆ. ಗೌಂಡಿ ನನ್ನನ್ನು ಮಾಳಿಗೆಯ ಮೇಲೆ ಇಟ್ಟುಕೊಂಡು ಕೆಳಗಿದ್ದ ಮನೆಯೊಡತಿ ಹೊನ್ನವ್ವನನ್ನು ಕೇಳಿದ.

"ಎಲ್ಲಿ ಕೂಡಸ್ಲಿ ಯವ್ವಾ ಇದನ್ನ?"

"ಒರಳ ಮ್ಯಾಲೂ ಬೆಳಕ ಬೀಳಬೇಕು, ಮೂಡಲ ಗ್ವಾಡಿ ಮಾಡದ ಮ್ಯಾಲೂ ಬೀಳಬೇಕು."

"ಎರಡರ ಮ್ಯಾಲೂ ಒಮ್ಮೆಲೆ ಹ್ಯಾಂಗ ಬೀಳತೈತಿ?"

"ಒಮ್ಮೆಲೆ ಬೇಕಂತ ಯಾರಂದ್ರು? ನನಗೇನು ಎರಡೂ ಕಡೆ ಒಮ್ಮೆಲೆ ಕೆಲಸ ಇರತಾವ?"

ಗೌಂಡಿ ನಕ್ಕು ನನ್ನನ್ನು ಪಡಸಾಲೆಯ ನಡುಮಧ್ಯಕ್ಕೆ ಕೂರಿಸಿದ. ಸುತ್ತ ಮಣ್ಣು ಮೆತ್ತಿದ. ಮಳೆ ಬಂದರೆ ಮುಚ್ಚಲು ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು ಇಟ್ಟ.

ಹೀಗೆ ನಾನು ಆ ಮನೆಯ ಕಣ್ಣಾದೆ, ಗಡಿಯಾರವೂ ಆದೆ. ಸೂರ್ಯ ಮೂಡಣದಲ್ಲಿರುವಾಗ ನನ್ನ ಬೆಳಕಿನ ಬಿಲ್ಲೆ ಪಡುವಣ ಬದಿಯ ಒರಳಿನ ಮೇಲೆ ಬೀಳುತ್ತಿತ್ತು. ಅದು ಒರಳ ಹೊತ್ತು. ಆಗ ಹೊಲಕ್ಕೆ ಬುತ್ತಿ ಹೋಗಬೇಕು. ಬಿಲ್ಲೆ ತೆವಳುತ್ತ ನಡುಗಂಬದ ಬುಡಕ್ಕೆ ಬಂದರೆ ಕಂಬದ ಹೊತ್ತು; ಆಗ ಊಟ. ಅಲ್ಲಿಂದ ನೆಲ ದಾಟಿ ಮೂಡಣ ಗೋಡೆ ಹತ್ತಿ, ದೀಪ ಇಡುವ ಮಾಡದೊಳಗೆ ಇಣುಕಿದರೆ ಮಾಡದ ಹೊತ್ತು. ದನ ಬರುವ ಸಮಯ. ಆ ಮನೆಯಲ್ಲಿ ಕಾಲವೆಂದರೆ ಒಂದು ಜಾಗ. ಅದರ ಮೇಲೆ ಕೈಯಿಡಬಹುದಿತ್ತು, ಬೆಚ್ಚಗಿರುತ್ತಿತ್ತು. ಮೋಡ ಕವಿದ ದಿನ ಮನೆಗೆ ಹೊತ್ತೇ ಇರುತ್ತಿರಲಿಲ್ಲ, ಹಸಿವಾದಾಗ ಉಣ್ಣುತ್ತಿದ್ದರು.

ಹೊನ್ನವ್ವನ ಹಿರಿಯ ಮಗ ಈರಸಂಗಪ್ಪ ಮದುವೆಯಾಗಿ ಸಾತವ್ವನನ್ನು ಕರೆತಂದ. ಹೊಸ ಸೊಸೆ ಮೊದಲ ದಿನ ಅತ್ತೆಯನ್ನು ಕೇಳಿದಳು.

"ಎಷ್ಟ ಗಂಟೆ ಆಗಿರಬೇಕ್ರಿ ಅತ್ತಿ? ನಮ್ಮ ತವರಾಗ ಗಡಿಯಾರ ಐತ್ರಿ."

"ಇಲ್ಲೂ ಐತಿ. ನೀ ಅದನ್ನ ತುಳಕೊಂಡ ನಿಂತೀ, ಸರಿ ಈಕಡೆ."

ಸಾತವ್ವ ಕೆಳಗೆ ನೋಡಿದಳು. ಬೆಳಕಿನ ಬಿಲ್ಲೆ ಅವಳ ಪಾದದ ಮೇಲಿತ್ತು. ಅವಳು ಕಾಲು ತೆಗೆದು, ಆ ಬೆಳಕನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಮೇಲಿನಿಂದ ನೋಡುತ್ತಿದ್ದೆ. ಕಾಣುತ್ತಿದ್ದದ್ದು ಬೈತಲೆ ಮಾತ್ರ. ನನಗೆ ಮನುಷ್ಯರ ಮುಖ ಕಾಣುವುದು ಅವರು ತಲೆ ಎತ್ತಿದಾಗಲೇ, ಮತ್ತು ಅವರು ತಲೆ ಎತ್ತುವುದು ಕಡಿಮೆ.

ಸಾತವ್ವನಿಗೆ ಮಕ್ಕಳಾಗಲಿಲ್ಲ. ಹೊನ್ನವ್ವ ಹೋದಳು. ಕೆಲವು ವರ್ಷಗಳ ನಂತರ ಈರಸಂಗಪ್ಪನೂ ಜ್ವರ ಬಂದು ತೀರಿಕೊಂಡ. ಆಮೇಲೆ ಸಾತವ್ವ ಕೌದಿ ಹಿಡಿದಳು. ಹಳೆಯ ಸೀರೆಗಳ ತುಂಡು ಜೋಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಮಾಡುವ ಹೊದಿಕೆ ಅದು. ಬಾಣಂತಿಯರ ಮನೆಯವರು ಹುಡುಕಿಕೊಂಡು ಬರುತ್ತಿದ್ದರು. ಊಟ ಮುಗಿಸಿ, ಬಿಲ್ಲೆ ಕಂಬ ದಾಟಿದ ಮೇಲೆ ಅವಳು ಅದರ ಪಕ್ಕ ಕೂರುತ್ತಿದ್ದಳು. ಬೆಳಕು ಸರಿದಂತೆ ಕೌದಿ ಎಳೆದುಕೊಂಡು ತಾನೂ ಸರಿಯುತ್ತಿದ್ದಳು. ಮಾಡದ ಹೊತ್ತಿಗೆ ಗೋಡೆಗೆ ಬೆನ್ನು ಹತ್ತುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ನಾವಿಬ್ಬರೂ ಮಾತಾಡಲಿಲ್ಲ. ನನ್ನ ಇಡೀ ಬಾಳಿನಲ್ಲಿ ನಾನು ಅಷ್ಟು ಚೆನ್ನಾಗಿ ಯಾರೊಡನೆಯೂ ಸುಮ್ಮನಿದ್ದಿಲ್ಲ.

ಹೊನ್ನವ್ವನ ಕಿರಿಯ ಮಗ ಮಲಕಾಜಪ್ಪ ಊರಾಚೆ ಎದ್ದ ಸಿಮೆಂಟ್ ಕಾರ್ಖಾನೆಗೆ ಸೇರಿದ. ಮದುವೆಯಾದ. ಒಂದು ದಿನ ಗೋಡೆ ಗಡಿಯಾರ ತಂದು ಒರಳಿನ ಮೇಲುಗಡೆ ಮೊಳೆ ಹೊಡೆದ. ಅದು ಮೋಡದ ದಿನವೂ ಓಡುತ್ತಿತ್ತು. ಅವನ ಹೆಂಡತಿ ಕಸ್ತೂರಿ ಅದನ್ನು ನೋಡಿ ಒಲೆ ಹೊತ್ತಿಸುವಳು, ಸಾತವ್ವ ನನ್ನನ್ನು ನೋಡಿ. ಒಂದೇ ಮನೆಯಲ್ಲಿ ಎರಡು ಸಲ ಹಸಿವಾಗತೊಡಗಿತು. ಸಾರು ಒಬ್ಬರಿಗೆ ಆರಿರುತ್ತಿತ್ತು, ಇನ್ನೊಬ್ಬರಿಗೆ ಕುದಿದಿರುತ್ತಿರಲಿಲ್ಲ. ಜಗಳ ಅಂಥದೇನೂ ಆಗಲಿಲ್ಲ. ಆದರೆ ಪಾಲು ಎಂಬ ಮಾತು ಬಂತು.

ಹಿರಿಯರು ನಾಲ್ವರು ಬಂದು ಪಡಸಾಲೆಯಲ್ಲಿ ಕೂತರು. ನೆಲವನ್ನು ಟೇಪು ಹಿಡಿದು ಅಳೆದರು. ನ್ಯಾಯವಂತರೇ. ಅವರಲ್ಲಿ ದೊಡ್ಡವನಾದ ಪರಸಪ್ಪ ಸಾತವ್ವನನ್ನು ಕೇಳಿದ.

"ನಿನಗ ಏನ ಬೇಕು ಹೇಳವಾ. ಆಮ್ಯಾಲ ಅನ್ಯಾಯಾತು ಅನಬ್ಯಾಡ."

"ನನಗ ಮಧ್ಯಾಹ್ನ ಕೊಡ್ರಿ," ಅಂದಳು ಸಾತವ್ವ.

ಎಲ್ಲರೂ ನಕ್ಕರು. ಒಬ್ಬ, "ಹಂಗಾದ್ರ ಸಂಜಿ ನನಗಿರ್ಲಿ," ಅಂದ. ಸಾತವ್ವ ನಗಲಿಲ್ಲ.

"ಕೌದಿ ಹೊಲಿಯೂತನಕ ನಾ ಯಾರ ಒಲಿ ಮುಂದೂ ತಾಟ ಹಿಡದ ಕೂಡಂಗಿಲ್ಲರಿ. ಮಧ್ಯಾಹ್ನದ ಬೆಳಕ ಎಲ್ಲಿ ಬೀಳತೈತಿ, ಅದು ನನ್ನ ಪಾಲು."

ಪರಸಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಉಪಾಯ ಹೊಳೆದ ಖುಷಿ ಅವನ ಮುಖದಲ್ಲಿ ಕಂಡಿತು. ನನ್ನ ನೇರ ಕೆಳಗೆ ಗೋಡೆ ಎಬ್ಬಿಸುವುದು. ಪಡುವಣ ಭಾಗ ತಮ್ಮನಿಗೆ, ಮೂಡಣ ಭಾಗ ಅತ್ತಿಗೆಗೆ. ನೆಲವೂ ಸರಿಪಾಲು, ಬೆಳಕೂ ಸರಿಪಾಲು. "ಬೆಳಕಿಗೂ ಪಾಲ ಹಚ್ಚಿದವರು ಈ ಸೀಮ್ಯಾಗ ನಾವ ಮೊದಲು ನೋಡ," ಎಂದು ಚಹಾ ಕುಡಿದು ಎದ್ದರು.

ಗೋಡೆ ಮೇಲೆದ್ದಿತು. ಕೊನೆಗೆ ನನ್ನ ಬಾಯಿಗೇ ಅಡ್ಡ ಒಂದು ಹಲಗೆ ಸಿಕ್ಕಿಸಿದರು. ಮುಂಜಾನೆಯೆಲ್ಲ ಕಸ್ತೂರಿಯ ಮನೆಗೆ, ಮಧ್ಯಾಹ್ನವೆಲ್ಲ ಸಾತವ್ವನ ಮನೆಗೆ. ಒರಳು ಅತ್ತ, ಮಾಡ ಇತ್ತ. ಕಂಬ ಗೋಡೆಯೊಳಗೆ ಹುದುಗಿಹೋಯಿತು. ಊಟದ ಹೊತ್ತು ಯಾರ ಪಾಲಿಗೂ ಬರಲಿಲ್ಲ. ಬೀದಿಬಾಗಿಲು ತಮ್ಮನಿಗೆ ಹೋದದ್ದರಿಂದ ಸಾತವ್ವನಿಗೆ ಪಕ್ಕದ ಸಂದಿಗೆ ಒಂದು ಬಾಗಿಲು ಒಡೆದರು. ಸಂದಿ ಎಷ್ಟು ಇಕ್ಕಟ್ಟೆಂದರೆ ಅಲ್ಲಿಗೆ ಬಿಸಿಲು ಇಳಿಯುತ್ತಲೇ ಇರಲಿಲ್ಲ. ಆದರೂ ಅವಳು ದೂರಲಿಲ್ಲ. ಕೇಳಿದ್ದು ಸಿಕ್ಕಿತ್ತು.

ಪಾಲು ಬಂದದ್ದಾಯಿತು, ಅದರ ಹಿಂದೆಯೇ ಪಾಳಿ ಬಂತು. ಕಾರ್ಖಾನೆಯಲ್ಲಿ ಮಲಕಾಜಪ್ಪನನ್ನು ರಾತ್ರಿ ಪಾಳಿಗೆ ಹಾಕಿದರು. ಬೆಳಗಿನಲ್ಲಿ ಬೂದಿ ಮುಖ ಹೊತ್ತು ಬಂದು ಮಲಗುವನು; ಅಷ್ಟರಲ್ಲಿ ನನ್ನ ಬಿಲ್ಲೆ ಗೋಡೆಯಿಂದಿಳಿದು ಅವನ ರೆಪ್ಪೆಯ ಮೇಲೆ ಬರುವುದು. ಹಾಸಿಗೆ ಸರಿಸಿದ, ಮುಖಕ್ಕೆ ಟವೆಲ್ ಹಾಕಿದ. ಕೊನೆಗೆ ಏಣಿ ಹತ್ತಿ ಬಂದು ಮಳೆಯ ಕಲ್ಲನ್ನು ನನ್ನ ಮೇಲೆ ಎಳೆದ. ಮಳೆಯಿಲ್ಲದ ದಿನ ನನ್ನನ್ನು ಮುಚ್ಚಿದ್ದು ಅದೇ ಮೊದಲು.

ಕಲ್ಲಿಗೆ ಪಾಲು ಗೊತ್ತಿಲ್ಲ. ಅದು ಎರಡೂ ಮನೆಗೆ ಮುಚ್ಚಿತು.

ಮಧ್ಯಾಹ್ನ ಸಾತವ್ವ ಏಣಿ ಹತ್ತಿ ಬಂದು ಕಲ್ಲು ಸರಿಸಿದಳು. ಕಲ್ಲು ಕರಕರ ಎಂದಿತು, ಕೆಳಗೆ ಮಲಗಿದ್ದವನ ಮೇಲೆ ಮಣ್ಣು ಉದುರಿತು. ಮರುದಿನವೂ ಹಾಗೇ. ಮೂರನೆಯ ದಿನ ಅವನು ಲುಂಗಿ ಬಿಗಿದುಕೊಂಡು ಮಾಳಿಗೆಗೆ ಬಂದ.

"ವೈನಿ, ಏನ ನಡಸೀ ಇದು?"

"ನನ್ನ ಮಧ್ಯಾಹ್ನ ಬಂದಿತ್ತಪ್ಪ. ತಗೊಳಾಕ ಬಂದೀನಿ."

"ನನಗ ನಿದ್ದಿಲ್ಲ ವೈನಿ. ಮಶೀನ್ ಮುಂದ ತೂಕಡಿಸಿದ್ರ ಕೈ ಹೋಕ್ಕಾವ."

"ಜಗತ್ತೆಲ್ಲ ಎದ್ದಾಗ ಮಲಗಿದ್ರ ನಿದ್ದಿ ಹ್ಯಾಂಗ ಬರತೈತಿ?"

"ಜಗತ್ತು ಮಲಗಿದಾಗ ನಾ ಎದ್ದಿರತೀನಲ್ಲ, ಅದನ್ನ ನಿನ್ನ ಕಿಂಡಿ ತೋರಸ್ತೈತೇನು?"

ಅವನ ಕಣ್ಣು ಕೆಂಪಗಿದ್ದವು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವಳೂ ಅಷ್ಟೆ. ನಾನು ಇಬ್ಬರ ನಡುವೆ ಅರ್ಧ ತೆರೆದುಕೊಂಡು ಬಿದ್ದಿದ್ದೆ. ಆ ವಾರವೇ ಅವನು ಒಬ್ಬರಿಂದ ಎತ್ತಲಾಗದ ದೊಡ್ಡ ಚಪ್ಪಡಿಯನ್ನು ಆಳುಗಳಿಂದ ತರಿಸಿ ನನ್ನ ಮೇಲೆ ಹಾಕಿಸಿ, ಸುತ್ತ ಸಿಮೆಂಟ್ ಮೆತ್ತಿದ.

ಸಾತವ್ವ ಹಿರಿಯರ ಬಳಿ ಹೋದಳು. ಅವರು ಮತ್ತೆ ಬಂದು, ಈ ಸಲ ಅವಳ ಭಾಗದಲ್ಲಿ ಕತ್ತಲಲ್ಲೇ ಕೂತರು. ಅವರ ಮಾತು ನನಗೆ ಚಪ್ಪಡಿಯ ಕೆಳಗಿನಿಂದ ಕೇಳಿಸುತ್ತಿತ್ತು. ತನ್ನ ಪಾಲಿನ ಮೇಲೆ ಬೇರೊಂದು ಬೆಳಕಿಂಡಿ ಒಡೆಸಿಕೊಳ್ಳುತ್ತೇನೆ, ಇಷ್ಟೇ ಅವಳ ಬೇಡಿಕೆ. ಗೋಡೆಯ ಆಚೆಯಿಂದ ಮಲಕಾಜಪ್ಪ ಕೂಗಿದ.

"ಒಂದ ತೊಲಿ ಎರಡೂ ಮನಿಗೆ ಐತಿ. ಕಿಂಡಿ ಒಡದು ಮಾಳಿಗಿ ಕುಂತ್ರ ನನ್ನ ಮಕ್ಕಳ ಮ್ಯಾಲ ಬೀಳೂದಿಲ್ಲೇನು?"

ಪರಸಪ್ಪ ಮೆಲ್ಲಗೆ ಅಂದ, "ನಾವು ನೆಲ ಹಂಚೀವಿ ತಂಗಿ. ಮಾಳಿಗಿ ಹಂಚೂದು ಮರತೀವಿ."

"ಹಂಗಾದ್ರ ಮಾಳಿಗಿ ಯಾರದ್ರಿ?"

"ಇಬ್ಬರದೂ."

"ಇಬ್ಬರದೂ ಅಂದ್ರ ಎದ್ದು ಮೊದಲ ಮುಚ್ಚಿದಾವಂದು," ಅಂದಳು ಸಾತವ್ವ. ಆ ದಿನ ಚಹಾ ಮಾಡಿದ ಸದ್ದೂ ಕೇಳಲಿಲ್ಲ.

ಆಮೇಲಿನ ಕಾಲವನ್ನು ನಾನು ಕಿವಿಯಿಂದ ಬದುಕಿದೆ. ಹಗಲು ಕರೆಂಟು ಇರುತ್ತಿರಲಿಲ್ಲ. ಅವಳು ಕತ್ತಲಲ್ಲೇ ಹೊಲಿಯುತ್ತಿದ್ದಳು, ಬೆರಳ ಅಂದಾಜಿನ ಮೇಲೆ. ಸೂಜಿ ನೆಲಕ್ಕೆ ಬಿದ್ದಾಗ ಸದ್ದಾಗುವುದಿಲ್ಲ. ಅಂಗೈ ನೆಲ ಸವರುವ ಸದ್ದು ಮಾತ್ರ ಆಗುತ್ತದೆ. ಆ ಸದ್ದು ದಿನದಿನಕ್ಕೆ ಹೆಚ್ಚಾಯಿತು. ಒಂದು ದಿನ ಮೇಲಿನ ಓಣಿಯ ಒಬ್ಬ ಅಜ್ಜಿ ಬಂದು ಕೌದಿಯೊಂದನ್ನು ಹಿಂದಿರುಗಿಸಿದಳು.

"ಬೈಯಾಕ ಬಂದಿಲ್ಲ ಸಾತವ್ವ. ಕೂಸು ಎರಡ ದಿನ ಒಂದ ಸಮ ಅಳತಿತ್ತು. ಬಿಚ್ಚಿ ನೋಡಿದ್ವಿ. ಸೂಜಿ ಮುರದು ಒಳಗ ಉಳದೈತಿ."

"ಕೂಸಿಗೆ?"

"ಕೆರದೈತಿ ಅಷ್ಟ. ದೇವರು ದೊಡ್ಡಾವ."

ಅಜ್ಜಿ ಹೋದಳು. ಸಾತವ್ವ ಅಳುತ್ತಾಳೆಂದು ಕಾದೆ. ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಮುಚ್ಚಿದ ಸದ್ದು. ಆಮೇಲೆ ಆ ಅರ್ಧ ಮನೆಯಲ್ಲಿ ಅಂಗೈ ನೆಲ ಸವರುವ ಸದ್ದು ಮತ್ತೆ ಕೇಳಲಿಲ್ಲ.

ಕೆಲವು ದಿನ ಕಸ್ತೂರಿ ಸಂದಿಯ ಬಾಗಿಲಿಗೆ ರೊಟ್ಟಿ ತಂದುಕೊಟ್ಟಳು. "ತಗೋ ಯಕ್ಕಾ, ಹಂಗ್ಯಾಕ ಮಾಡ್ತಿ," ಎನ್ನುತ್ತಿದ್ದಳು. ತಾಟು ಮುಟ್ಟದೆ ಇದ್ದದ್ದು ಎಷ್ಟು ದಿನವೋ, ಮುಟ್ಟಿದ್ದು ಯಾವ ದಿನವೋ, ಅದನ್ನು ಹೇಳುವ ಮನಸ್ಸು ನನಗಿಲ್ಲ. ಮಲಕಾಜಪ್ಪನಿಗೂ ಒಳಗೆಲ್ಲೋ ಚುಚ್ಚಿರಬೇಕು. ಒಂದು ಸಂಜೆ ಸಂದಿಯಲ್ಲಿ ನಿಂತು ಅಂದ, "ವೈನಿ, ನಮ್ಮ ಕಾರ್ಖಾನಿ ಕ್ಯಾಂಟೀನಿನಾಗ ರೊಟ್ಟಿ ಬಡಿಯವ್ರು ಬೇಕಾಗ್ಯಾರ. ನಾ ಮಾತಾಡೀನಿ. ಯಾರ ಹಂಗೂ ಇಲ್ಲ."

ಅವಳು ಹೋದಳು. ಹೊಸಬರಿಗೆ ಸಿಗುವುದು ರಾತ್ರಿ ಪಾಳಿಯೇ.

ಎಷ್ಟೋ ಕಾಲದ ಮೇಲೆ ಮಲಕಾಜಪ್ಪನಿಗೆ ಹಗಲು ಪಾಳಿ ಬಂತು. ಬಂದ ಮೊದಲ ರಜೆಯ ದಿನ ಅವನು ಹಾರೆ ತೆಗೆದುಕೊಂಡು ಮಾಳಿಗೆ ಹತ್ತಿದ. ಸಿಮೆಂಟ್ ಕಿತ್ತ. ಒಬ್ಬನೇ ಏದುಸಿರು ಬಿಡುತ್ತ ಚಪ್ಪಡಿಯನ್ನು ಮೀಟಿ ಪಕ್ಕಕ್ಕೆ ಕೆಡವಿದ. ಬೆಳಕು ನನ್ನೊಳಗೆ ಬಿತ್ತು. ಆಗ ಮಧ್ಯಾಹ್ನ; ಬಿಲ್ಲೆ ಸಾತವ್ವನ ನೆಲಕ್ಕೆ ಇಳಿಯಿತು. ಅವಳು ಚಾಪೆಯ ಮೇಲೆ ಮಲಗಿದ್ದಳು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡು. ನನಗೆ ಅವಳ ಮುಖ ಪೂರ್ತಿಯಾಗಿ ಕಂಡದ್ದು ಅಂದೇ. ಕೂದಲು ನೆರೆತಿತ್ತು. ಬೆಳಕು ರೆಪ್ಪೆಗೆ ತಾಗಿತು; ಮುಖ ಹಿಂಡಿಕೊಂಡು ತೋಳು ಅಡ್ಡ ಹಿಡಿದಳು.

"ವೈನಿ, ತಗದೀನಿ ನೋಡ," ಎಂದು ಮಲಕಾಜಪ್ಪ ನನ್ನ ಬಾಯಿಯ ಹತ್ತಿರ ಬಗ್ಗಿ ಕೂಗಿದ. ದನಿಯಲ್ಲಿ ಎಂಥದೋ ಆಸೆಯಿತ್ತು.

"ಮುಚ್ಚೋ ಮಾರಾಯಾ," ಅಂದಳು ಸಾತವ್ವ, ಕಣ್ಣು ತೆರೆಯದೆ. "ಈಗರ ಕಣ್ಣು ಹತ್ತಿದ್ವು."

ಅವನು ಮಳೆಯ ಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮುಚ್ಚಿದ.

ಈಗ ಆ ಮಾಳಿಗೆ ಇಲ್ಲ. ಎರಡೂ ಮನೆಗೆ ಸೇರಿಸಿ ಸ್ಲ್ಯಾಬ್ ಹಾಕುತ್ತೇನೆಂದು ಮಲಕಾಜಪ್ಪ ಕೇಳಿದಾಗ ಸಾತವ್ವ ಒಂದೇ ಮಾತಿಗೆ ಒಪ್ಪಿದಳು. ಎಂಜಿನಿಯರ್ ಬಂದು, ಸ್ಲ್ಯಾಬಿನಲ್ಲಿ ತೂತು ಬಿಟ್ಟರೆ ನೀರು ಸೋರುತ್ತದೆ ಎಂದ. ಯಾರೂ ವಾದಿಸಲಿಲ್ಲ. ಒಳಗೆ ಈಗ ಟ್ಯೂಬ್‌ಲೈಟು. ಅದು ಸರಿಯುವುದಿಲ್ಲ, ಯಾವ ಗೋಡೆಯನ್ನೂ ಹತ್ತುವುದಿಲ್ಲ. ಎಲ್ಲ ಹೊತ್ತೂ ಒಂದೇ ಜಾಗದಲ್ಲಿ ಉರಿಯುತ್ತದೆ.

ನನ್ನನ್ನು ಹಾರೆಯಿಂದ ಎಬ್ಬಿಸಿ ಓಣಿಯ ತಿರುವಿನ ಮಣ್ಣಿನ ಗುಡ್ಡೆಯ ಮೇಲೆ ಎಸೆದಿದ್ದಾರೆ. ನನ್ನೊಳಗೂ ಬಿಸಿಲು, ನನ್ನ ಸುತ್ತಲೂ ಅಷ್ಟೇ ಬಿಸಿಲು. ಮಾಳಿಗೆಯಿಲ್ಲದ ಕಡೆ ಬೆಳಕಿಂಡಿ ಏನೂ ಅಲ್ಲ ಎಂದು ಈಗ ತಿಳಿಯುತ್ತಿದೆ. ಮನುಷ್ಯರು ನನ್ನ ಮೇಲೆ ಕೋಪಗೊಂಡಿದ್ದರೆ ಚೆನ್ನಾಗಿತ್ತು. ಅವರು ದಣಿದಿದ್ದರು, ಅಷ್ಟೆ. ನನ್ನಂಥವನ್ನು ಮುಚ್ಚಲು ಹಗೆತನ ಬೇಕಿಲ್ಲ, ನಿದ್ದೆಗೆಟ್ಟ ಕಣ್ಣು ಸಾಕು.

ದಿನವೂ ಬೆಳಗಿನಲ್ಲಿ ಕಾರ್ಖಾನೆಯ ಬಸ್ಸು ತಿರುವಿನಲ್ಲಿ ನಿಲ್ಲುತ್ತದೆ. ಸಾತವ್ವ ಇಳಿಯುತ್ತಾಳೆ. ಎದುರಿಗೆ ಎಳೆಬಿಸಿಲು. ಅವಳು ಸೆರಗನ್ನು ಹಣೆಯಿಂದ ಕೆಳಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡು, ಗೋಡೆ ಸವರುತ್ತ ಸಂದಿಯೊಳಗೆ ಹೋಗುತ್ತಾಳೆ.