ನಿಧಾನಪ್ಪನ ಅವಸರ

ಟ್ಯಾಂಕಿನೊಳಕ್ಕೆ ಗಾಳಿ ಊದುತ್ತಿದ್ದ ಬ್ಲೋವರನ್ನು ನಿಲ್ಲಿಸಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಒಳಗೆ ತಳದ ಗಸಿ ಕೆರೆಯುತ್ತಿದ್ದ ನಿಧಾನಪ್ಪನನ್ನು ಹತ್ತೂ ಇಪ್ಪತ್ತಕ್ಕೆ ಹೊರಗೆಳೆದಾಗ ಉಸಿರಿರಲಿಲ್ಲ. ಬ್ಲೋವರ್ ಹನ್ನೊಂದರ ತನಕ ಓಡುತ್ತಲೇ ಇತ್ತು ಎಂದು ರಿಜಿಸ್ಟರಿನಲ್ಲಿ ಬರೆದದ್ದು ಮಧ್ಯಾಹ್ನ ಎರಡಕ್ಕೆ.

ಈಗ ಮೂರನೆಯ ದಿನ. ಹೆಣದ ಪೆಟ್ಟಿಗೆ ಅವನ ಮನೆಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ನಿಂತಿತ್ತು.

"ನಿಧಾನ! ಏಯ್, ನಿಧಾನ ಕಣ್ರೋ!" ಮೇಲಿನ ತುದಿ ಹಿಡಿದಿದ್ದ ದರ್ಜಿ ಕೂಗಿದ. ಅವನು ಸತ್ತವನ ಹೆಂಡತಿಯ ಅಣ್ಣ.

"ಅವನನ್ನ ಯಾಕಪ್ಪ ಕರೀತೀಯ, ಪೆಟ್ಟಿಗೆ ಒಳಗೇ ಇದ್ದಾನಲ್ಲ," ಎಂದಳು ಕೆಳಮನೆ ಅಜ್ಜಿ, ತನ್ನ ಬಾಗಿಲಲ್ಲಿ ಕೋಲೂರಿ ನಿಂತು. "ಬದುಕಿದ್ದಾಗಲೂ ಈ ಮೆಟ್ಟಿಲು ಹತ್ತೋಕೆ ಅರ್ಧ ಗಂಟೆ ತಗೊಳ್ತಿದ್ದ. ಇವತ್ತೂ ತಗೊಳ್ಳಲಿ ಬಿಡಿ. ಯಾವ ಬಸ್ಸು ತಪ್ಪಿಹೋಗುತ್ತೆ?"

ಯಾರೋ ನಕ್ಕರು, ನಕ್ಕ ತಪ್ಪಿಗೆ ಕೆಮ್ಮಿದರು. ಕೆಳಗಿನ ತುದಿ ಹಿಡಿದಿದ್ದ ಹಗ್ಗದವನು ನಗಲಿಲ್ಲ. ನಿಧಾನಪ್ಪನ ಬೆಲ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ಟ್ಯಾಂಕಿನ ಬಾಯಿ ಕಾಯುವುದು ಹದಿನೇಳು ವರ್ಷದಿಂದ ಅವನ ಕೆಲಸ. ಅದರಿಂದಲೇ ಆ ಹೆಸರು. ಪೆಟ್ಟಿಗೆ ಓರೆಯಾದಂತೆಲ್ಲ ಭಾರ ಅವನ ಕಡೆಗೇ ಜಾರಿ ಬರುತ್ತಿತ್ತು. ಕೈ ಜೋಮು ಹಿಡಿದಿತ್ತು. "ನಾನು ಹಿಡೀತೀನಿ ಕೊಡು" ಎಂದು ಇಬ್ಬರು ಕೇಳಿದರೂ ಕೊಡಲಿಲ್ಲ.

ಹಿಂದೆಯೇ ಕಂಪನಿಯ ಹೂವಿನ ಚಕ್ರ ಹತ್ತಿ ಬಂತು. ಲಾರಿ ಟೈರಿನಷ್ಟು ದೊಡ್ಡದು. ಅಡ್ಡಲಾಗಿ ನೀಲಿ ರೇಷ್ಮೆಯ ಪಟ್ಟಿ: "ಸುರಕ್ಷತೆಯೇ ನಮ್ಮ ಉಸಿರು." ಉಸಿರುಕಟ್ಟಿ ಸತ್ತವನಿಗೆ ಈ ಮಾತು ಬರೆಸಿ ಕಳಿಸಲು ಕಚೇರಿಯಲ್ಲಿ ಎಷ್ಟು ಜನ ಕೂತು ಯೋಚಿಸಿರಬೇಕು ಎಂದು ಯಾರಾದರೂ ಬೆರಗಾಗಬಹುದು. ಯಾರೂ ಯೋಚಿಸಿರಲಿಲ್ಲ. ಪಟ್ಟಿ ಮೊದಲೇ ಅಚ್ಚಾಗಿ ಬೀರುವಿನಲ್ಲಿತ್ತು. ಉದ್ಘಾಟನೆಗೂ ಅದೇ, ನಿವೃತ್ತಿಗೂ ಅದೇ, ಹೆಣಕ್ಕೂ ಅದೇ.

*

ನೆಲದಲ್ಲಿ ಹೂತ ಹಳೆಯ ಎಣ್ಣೆ ಟ್ಯಾಂಕುಗಳನ್ನು ಕೀಳುವುದು ಅವರ ಕಸುಬು. ಮುಚ್ಚಿದ ಪೆಟ್ರೋಲ್ ಬಂಕು, ದಿವಾಳಿಯೆದ್ದ ಕಾರ್ಖಾನೆ, ಬಸ್ಸು ನಿಲ್ಲದ ಡಿಪೋ, ಎಲ್ಲಿ ವ್ಯಾಪಾರ ಸತ್ತಿತೋ ಅಲ್ಲಿಗೆ ಇವರ ವ್ಯಾನು. ಮಿಕ್ಕ ಎಣ್ಣೆ ಹೀರಬೇಕು, ಪೈಪು ಬಿಚ್ಚಿ ಬಾಯಿ ಬಿಗಿಯಬೇಕು, ಸುತ್ತಲ ಮಣ್ಣು ತೆಗೆದು ಮುಚ್ಚಳ ಬಿಚ್ಚಿ ಗಾಳಿ ಊದಬೇಕು. ಆಮೇಲೆ ಒಬ್ಬ ಇಳಿದು, ತಳದಲ್ಲಿ ಕುಳಿತ ಗಸಿಯನ್ನು ಕಿಡಿ ಹಾರದ ಮರದ ಸಲಿಕೆಯಿಂದ ಕೆರೆದು ಬಕೆಟಿನಲ್ಲಿ ಮೇಲೆ ಕಳಿಸಬೇಕು. ಕೊನೆಗೆ ಕ್ರೇನು ಬಂದು ಎತ್ತುತ್ತದೆ. ನೋಡುವವರು ಕ್ರೇನನ್ನು ನೋಡುತ್ತಾರೆ.

ನಿಧಾನಪ್ಪ ಇಳಿಯುವವನು. ಇಳಿಯುವ ಮುಂಚೆ ಗ್ಯಾಸ್ ಮೀಟರಿನ ಕೊಳವೆಯನ್ನು ದಾರ ಕಟ್ಟಿ ಟ್ಯಾಂಕಿನ ಬಾಯಿಯಿಂದ ಒಳಕ್ಕೆ ಬಿಡುತ್ತಿದ್ದ. ಮೇಲೆ ಎರಡು ನಿಮಿಷ, ನಡುವೆ ಎರಡು ನಿಮಿಷ, ತಳದಲ್ಲಿ ಎರಡು ನಿಮಿಷ. ಮೇಲಿನದು ಸೊನ್ನೆ ತೋರಿಸಿದ ಕೂಡಲೇ ಉಳಿದವರು ಕಾಲು ಇಳಿಬಿಡುವವರು. ಅವನು ಮಾತ್ರ ಕುಕ್ಕರಗಾಲಿನಲ್ಲಿ ಕೂತೇ ಇರುವನು.

"ಪೆಟ್ರೋಲ್ ಆವಿ ದೊಡ್ಡ ಮನುಷ್ಯರ ಥರ ಅಲ್ಲ ಕಣೋ, ಎದ್ದು ಬಂದು ಮುಖ ತೋರಿಸಲ್ಲ," ಎನ್ನುವನು ಹಗ್ಗದವನಿಗೆ. "ಗಾಳಿಗಿಂತ ಭಾರ. ತಳದಲ್ಲಿ ಮಲಗಿರುತ್ತೆ. ಕಾಲಿಟ್ಟವನನ್ನೇ ಹಿಡಿಯುತ್ತೆ."

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಗಸಿ ಕೆದಕಿದರೆ ಆವಿ ಮತ್ತೆ ಹುಟ್ಟುತ್ತದೆಂದು ನಲವತ್ತು ನಿಮಿಷಕ್ಕೊಮ್ಮೆ ಹೊರಗೆ ಬರುವನು. ಮತ್ತೆ ಮೇಲೆ, ನಡುವೆ, ತಳ.

"ಟ್ಯಾಂಕು ಕೀಳ್ತಿದ್ದೀಯೋ, ಟ್ಯಾಂಕಿಗೆ ಜ್ವರ ನೋಡ್ತಿದ್ದೀಯೋ?" ಎಂದು ಸುರಕ್ಷತಾ ಅಧಿಕಾರಿ ರೇಗುವನು.

"ಜ್ವರ ಇದ್ದೋರಿಗೆ ನೋಡಲೇಬೇಕಲ್ಲ ಸಾರ್."

ಆ ಅಧಿಕಾರಿಗೆ ಕೆಲಸಗಾರರು ಬಿಳಿಟೋಪಿ ಎಂದು ಹೆಸರಿಟ್ಟಿದ್ದರು. ಹನ್ನೊಂದು ವರ್ಷ ತಲೆಯ ಮೇಲಿದ್ದ ಆ ಬಿಳಿ ಹೆಲ್ಮೆಟ್ ಟೋಪಿಗೆ ಒಂದು ಗೀರೂ ಬಿದ್ದಿರಲಿಲ್ಲ. ಟ್ಯಾಂಕಿನ ಬಾಯಿಯಿಂದ ಹತ್ತು ಹೆಜ್ಜೆ ದೂರವೇ ನಿಂತು ಸುರಕ್ಷತೆ ಕಾಪಾಡುವ ವಿದ್ಯೆ ಅವನಿಗೆ ಕರಗತವಾಗಿತ್ತು.

ಹಗ್ಗದವನು ಕೆಲಸಕ್ಕೆ ಸೇರಿದ ಮೊದಲ ದಿನವೇ ನಿಧಾನಪ್ಪ ಹೇಳಿದ್ದ: "ಬಾಯಿ ಕಾಯೋನು ಎರಡು ಮಾಡಬಾರದು. ನಾನು ಬಿದ್ದೆ ಅಂತ ನೀನೂ ಒಳಗೆ ಹಾರಬಾರದು. ಬಾಯಿ ಬಿಟ್ಟು ಹೋಗಬಾರದು. ಅಪ್ಪ ಸತ್ತ ಅಂತ ಸುದ್ದಿ ಬಂದರೂ ಮೊದಲು ನನ್ನನ್ನ ಮೇಲೆ ಎಳಿ, ಆಮೇಲೆ ಕೂತ್ಕೊಂಡು ಅಳು."

*

ಪೆಟ್ಟಿಗೆಯನ್ನು ಮಂಚ ಸರಿಸಿದ ಜಾಗದಲ್ಲಿ ಇಳಿಸಿದರು. ಹೆಣವನ್ನು ಎರಡು ಸಲ ತೊಳೆದಿದ್ದರೂ ಕೋಣೆಯ ತುಂಬ ಪೆಟ್ರೋಲಿನ ವಾಸನೆ. ಕಿಟಕಿ ತೆರೆಯಲು ಹೋದವರಿಗೆ ಹೆಂಡತಿ ಬೇಡವೆಂದು ಕೈ ಮಾಡಿದಳು. ಇಪ್ಪತ್ತೆರಡು ವರ್ಷದಿಂದ ಅವಳ ಗಂಡನ ವಾಸನೆಯೇ ಅದು.

ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. ಹಗ್ಗದವನು ಕಾಲದೆಸೆಯಲ್ಲಿ ನಿಂತಾಗ ಅವನಿಗೂ ಹೇಳಿದಳು.

"ನಾನೇ ಕೊಂದೆ ಕಣಪ್ಪ ನಿಮ್ಮಣ್ಣನ್ನ."

"ಮತ್ತೆ ಶುರು ಮಾಡಿದ್ಯಾ?" ಎಂದ ದರ್ಜಿ.

"ಮಾಡದೆ ಏನು ಮಾಡಲಿ ಅಣ್ಣ? ಮದುವೆ ಆದಾಗಿಂದ ಇದೇ ಬೈಗುಳ. ಬೇಗ ತಿನ್ನಿ, ಬೇಗ ಹೊರಡಿ, ನಿಮ್ಮ ಹಿಂದೆ ಬಂದ್ರೆ ಬಸವನಹುಳುನೂ ಮುಂದೆ ಹೋಗುತ್ತೆ. ಅವತ್ತು ಬೆಳಿಗ್ಗೆ ಬೂಟಿನ ದಾರ ಬಿಚ್ತಾರೆ, ಮತ್ತೆ ಕಟ್ತಾರೆ, ಮತ್ತೆ ಬಿಚ್ತಾರೆ. ನನಗೆ ತಡಕೊಳ್ಳೋಕಾಗಲಿಲ್ಲ. ಒಂದು ದಿನ ಅವಸರ ಮಾಡಿದ್ರೆ ಸತ್ತುಹೋಗ್ತೀರಾ ಅಂದೆ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಹೂಂ ಅಂದು ಹೋದರು. ಹೋಗಿ ಅವಸರ ಮಾಡಿದರು. ಗಡಿಬಿಡೀಲಿ ಬೆಲ್ಟೇ ಬಿಚ್ಚಿಹಾಕಿದ್ರಂತಲ್ಲ. ಸಾಹೇಬರು ಫೋನಿನಲ್ಲಿ ಹೇಳಿದ್ರು."

ಅಷ್ಟರಲ್ಲಿ ಮೆಟ್ಟಿಲಲ್ಲಿ ಬೂಟಿನ ಸದ್ದಾಗಿ, ಆ ಸಾಹೇಬನೇ ಒಳಗೆ ಬಂದ. ಇವತ್ತು ತಲೆ ಬರಿದಾಗಿತ್ತು. ಟೋಪಿ ಇಲ್ಲದೆ ಬಿಳಿಟೋಪಿ ಸಿಪ್ಪೆ ಸುಲಿದ ಹಾಗೆ ಕಂಡ. ಕಂಕುಳಲ್ಲಿ ಚರ್ಮದ ಚೀಲ. ದರ್ಜಿ ಇದ್ದೊಂದು ಕೈಕುರ್ಚಿಯಿಂದ ಮುದುಕನೊಬ್ಬನನ್ನು ಎಬ್ಬಿಸಿ, ಅದನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ. ಹೆಣ ನೋಡಲು ಬಂದವನಿಗೆ ಇಷ್ಟು ಉಪಚಾರ. ಹೆಣವಾದವನಿಗೆ ಬದುಕಿನಲ್ಲಿ ಒಮ್ಮೆಯಾದರೂ ಆ ಕುರ್ಚಿ ಸಿಕ್ಕಿತ್ತೋ ಇಲ್ಲವೋ.

"ಮನಸ್ಸಿಗೆ ಹಚ್ಕೋಬೇಡಿಮ್ಮ," ಎಂದ ಬಿಳಿಟೋಪಿ. "ಒಳ್ಳೆ ಕೆಲಸಗಾರ. ಆದರೆ ಮನುಷ್ಯ ಅಂದ್ಮೇಲೆ ಒಂದು ದಿನ ಎಡವುತ್ತಾನೆ. ನಾವಂತೂ ದಿನಾ ಬಾಯಿ ಬಡ್ಕೊಳ್ತಿದ್ವಿ, ನಿಧಾನ ಮಾಡಿ, ನಿಧಾನ ಮಾಡಿ ಅಂತ. ಅವಸರ ಅವರನ್ನ ತಿಂದುಬಿಡ್ತು."

ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಈ ನಾಲಿಗೆಗೆ ನಾಚಿಕೆಯೂ ಇರಲಿಲ್ಲ.

"ಅಯ್ಯೋ ದೇವರೇ, ನಾನೇ..." ಎಂದು ಹೆಂಡತಿ ಮುಂದಕ್ಕೆ ಬಾಗಿದಳು. ಬಿಳಿಟೋಪಿ ಎರಡು ನಿಮಿಷ ತಲೆ ತಗ್ಗಿಸಿ ಕೂತು, ಗಡಿಯಾರ ನೋಡಿ ಎದ್ದು, ಹಗ್ಗದವನ ಭುಜ ತಟ್ಟಿ ಅಡಿಗೆಮನೆಗೆ ಕರೆದೊಯ್ದ.

ಅಲ್ಲಿ ಒಲೆಯ ಪಕ್ಕದ ಕಲ್ಲಿನ ಮೇಲೆ ಚೀಲದಿಂದ ರಿಜಿಸ್ಟರು ತೆಗೆದಿಟ್ಟ. ಬ್ಲೋವರ್ ಹನ್ನೊಂದರ ತನಕ ಚಾಲನೆಯಲ್ಲಿತ್ತು. ಕೆಲಸಗಾರ ಅವಸರದಿಂದ ತಾನೇ ಬೆಲ್ಟು ಕಳಚಿದ. ಬಾಯಿ ಕಾಯುವವನು ಸ್ಥಳ ಬಿಟ್ಟು ಕದಲಲಿಲ್ಲ. ದುಂಡಗಿನ ಅಕ್ಷರ, ಒಂದೂ ಚಿತ್ತು ಇಲ್ಲ. ಕೆಳಗೆ ಹಗ್ಗದವನ ಸಹಿಗೆ ಜಾಗ ಖಾಲಿ.

"ಒಂದು ಸಹಿ ಅಷ್ಟೆ."

"ಇದು ಹೀಗಾಗಲಿಲ್ಲವಲ್ಲ ಸಾರ್."

"ಹೇಗಾಯ್ತು ಅಂತ ನೀನೇ ಹೇಳ್ತೀಯಾ?" ಬಿಳಿಟೋಪಿ ದನಿ ತಗ್ಗಿಸಿದ. "ಹೇಳು. ಪೊಲೀಸರು ಮೊದಲು ಕೇಳೋದೇನು? ಬಾಯಿ ಕಾಯೋನು ಎಲ್ಲಿ ಸತ್ತಿದ್ದ ಅಂತ. ನಾನು ಬ್ಲೋವರ್ ಕಿತ್ತು ತಗೊಂಡು ಹೋಗು ಅಂದೆ ಅನ್ನೋದಕ್ಕೆ ಸಾಕ್ಷಿ ಯಾರು? ಈ ಹಾಳೆ ಉಳಿಸೋದು ನನ್ನನ್ನಲ್ಲ ಮಾರಾಯ, ನಿನ್ನನ್ನ. ಸತ್ತವನಿಗೇನು, ಯಾವ ಹೆಸರು ಬಂದರೂ ಒಂದೇ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅದರ ಹೊಲಸು.

*

ಆ ದಿನ ಇದ್ದದ್ದು ಒಂದೇ ಬ್ಲೋವರ್, ಟ್ಯಾಂಕುಗಳು ಎರಡು. ನಿಧಾನಪ್ಪ ಎಂಟೂವರೆಗೆ ಒಮ್ಮೆ, ಒಂಬತ್ತೂಕಾಲಿಗೆ ಒಮ್ಮೆ ಮೂರೂ ಕಡೆ ಗಾಳಿ ನೋಡಿದ್ದ. ಮೂರನೆಯ ಸಲ ನೋಡಿ ಇಳಿದಿದ್ದನಷ್ಟೆ. ಕ್ರೇನು ಆಗಲೇ ಬಂದು ಗುರುಗುಟ್ಟುತ್ತಿತ್ತು. ಆ ಸದ್ದಿನಲ್ಲಿ ಬ್ಲೋವರ್ ಓಡಿದರೂ ಒಂದೇ, ನಿಂತರೂ ಒಂದೇ, ಒಳಗಿದ್ದವನಿಗೆ ಕೇಳುವಂತಿರಲಿಲ್ಲ.

"ಇದನ್ನ ಕಿತ್ತು ಆ ಟ್ಯಾಂಕಿಗೆ ಹಾಕು," ಎಂದ ಬಿಳಿಟೋಪಿ. "ಅದೂ ಅಷ್ಟು ಹೊತ್ತು ಗಾಳಿ ಕುಡೀಲಿ. ಐದು ನಿಮಿಷದ ಕೆಲಸ."

"ಅಣ್ಣ ಒಳಗಿದ್ದಾನೆ ಸಾರ್. ಕೂಗಿ ಮೇಲೆ ಕರೀತೀನಿ."

"ಕರೆದರೆ ಮುಗೀತು! ಮತ್ತೆ ಮೇಲೆ ನೋಡು, ನಡುವೆ ನೋಡು, ತಳ ನೋಡು ಅಂತ ಅರ್ಧ ಗಂಟೆ ತಿಂತಾನೆ. ಅವನಿಗೆ ಹೇಳಲೇಬೇಡ. ಗೊತ್ತಾಗೋದರೊಳಗೆ ವಾಪಸ್ ಹಾಕು."

ಹಗ್ಗದವನು ನಕ್ಕಿದ್ದ. ಮೂರು ದಿನದಿಂದ ಅವನನ್ನು ನಿದ್ದೆಗೆ ಬಿಡದಿದ್ದದ್ದು ಆ ನಗು. ಹೆದರಿ ಒಪ್ಪಿದ್ದರೆ ಒಂದು ಮಾತು. ಹೆದರಿರಲಿಲ್ಲ. ನಿಧಾನಪ್ಪನ ನಿಧಾನ ಅವನಿಗೂ ಸಾಕಾಗಿತ್ತು. ಬಿಸಿಲಲ್ಲಿ ಕೂತು ಹಗ್ಗ ಹಿಡಿಯುವವನಿಗೆ ಆ ಎರಡೆರಡು ನಿಮಿಷಗಳು ಎಷ್ಟು ಉದ್ದವೆಂದು ಹಿಡಿದವನಿಗೇ ಗೊತ್ತು. ಬಿಳಿಟೋಪಿಯ ಮುಖ ನೋಡಿ, ಒಂದೇ ಮನೆಯವರಂತೆ ನಕ್ಕು, ಹಗ್ಗದ ತುದಿಯನ್ನು ಏಣಿಗೆ ಸುತ್ತಿ ಎದ್ದಿದ್ದ.

ಇನ್ನೊಂದು ಟ್ಯಾಂಕಿನ ಮುಚ್ಚಳದ ನಟ್ಟುಗಳು ತುಕ್ಕು ಹಿಡಿದಿದ್ದವು. ಐದು ನಿಮಿಷ ಇಪ್ಪತ್ತಾಯಿತು.

ಓಡಿ ಬಂದಾಗ ಹಗ್ಗ ಸಡಿಲವಾಗಿತ್ತು. ಅವನೂ ಕ್ರೇನಿನ ಡ್ರೈವರೂ ಸೇರಿ ಎಳೆದರು. ಎಳೆಯುವ ಮುಂಚೆ ಟ್ಯಾಂಕಿನ ಬಾಯಿಂದ ಟಾರ್ಚು ಬಿಟ್ಟಾಗ ಕಂಡಿತ್ತು: ನಿಧಾನಪ್ಪ ಏಣಿಯ ಬುಡಕ್ಕೆ ಬಂದಿದ್ದ. ಒಂದು ಕೈ ಎರಡನೆಯ ಮೆಟ್ಟಿಲ ಮೇಲಿತ್ತು. ಸಲಿಕೆಯನ್ನು ಎಸೆದಿರಲಿಲ್ಲ, ಗೋಡೆಗೆ ಒರಗಿಸಿಟ್ಟಿದ್ದ.

*

"ಪೆನ್ನು ತಗೋ," ಎಂದ ಬಿಳಿಟೋಪಿ.

ಹಗ್ಗದವನು ತೆಗೆದುಕೊಂಡ. ಹಾಳೆಯ ಮೇಲೆ ಬಾಗಿದ ಕೂಡ. ಬಾಗಿಲಾಚೆ ಯಾರೋ ಹೊಸಬರು ಬಂದಿದ್ದರು. ಹೆಂಡತಿ ಮೊದಲಿಂದ ಶುರುಮಾಡಿದ್ದಳು. ಬೂಟಿನ ದಾರ ಬಿಚ್ತಾರೆ, ಮತ್ತೆ ಕಟ್ತಾರೆ. ಒಂದು ದಿನ ಅವಸರ ಮಾಡಿದ್ರೆ ಸತ್ತುಹೋಗ್ತೀರಾ ಅಂದೆ. ಇನ್ನು ಇಪ್ಪತ್ತು ವರ್ಷ ಬದುಕಿದರೆ ಇಪ್ಪತ್ತು ವರ್ಷವೂ ಅವಳು ಇದನ್ನೇ ಹೇಳುತ್ತಾಳೆ. ಆ ಹಾಳೆ ತಪ್ಪು ಹೊರಿಸುತ್ತಿದ್ದದ್ದು ಸತ್ತವನ ಮೇಲಲ್ಲ, ಅವಳ ಮೇಲೆ.

ಪೆನ್ನನ್ನು ರಿಜಿಸ್ಟರಿನ ಮೇಲಿಟ್ಟು ಅವನು ಹೊರಗೆ ಬಂದ.

"ಅತ್ತಿಗೆ, ಅಣ್ಣ ಅವಸರ ಮಾಡಲಿಲ್ಲ."

ಹೆಂಡತಿ ಸೆರಗು ಕೆಳಗಿಳಿಸಿ ಅವನ ಕಡೆ ತಿರುಗಿದಳು.

"ಬೆಲ್ಟು ಮೈಮೇಲೇ ಇತ್ತು. ಬಿಚ್ಚಿದ್ದು ನಾನು, ಹೊರಗೆ ಎಳೆದ ಮೇಲೆ. ಬ್ಲೋವರ್ ಕಿತ್ತುಕೊಂಡು ಹೋದದ್ದೂ ನಾನೇ. ಇವರು ಕೀಳು ಅಂದ್ರು, ನಾನು ಕಿತ್ತೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದ್ರೆ ತಡ ಮಾಡ್ತಾನೆ ಅಂತ."

"ಏನೋ ಬೊಗಳ್ತಿದ್ದೀಯ?" ದರ್ಜಿ ಎದ್ದು ನಿಂತ.

ಹೆಂಡತಿ ಅಣ್ಣನ ಕಡೆ ನೋಡಲಿಲ್ಲ. "ಎಷ್ಟು ಹೊತ್ತು?" ಎಂದು ಕೇಳಿದಳು.

"ಇಪ್ಪತ್ತು ನಿಮಿಷ."

"ಕೂಗಿದ್ರಾ ಅವರು?"

"ಗೊತ್ತಿಲ್ಲ ಅತ್ತಿಗೆ. ನಾನು ಅಲ್ಲಿರಲಿಲ್ಲ."

"ಥೂ," ಎಂದಳು ಅಜ್ಜಿ. ಯಾರಿಗೆಂದಳೋ; ಇಬ್ಬರೂ ಮುಖ ಒರೆಸಿಕೊಳ್ಳಬಹುದಿತ್ತು.

ಬಿಳಿಟೋಪಿ ರಿಜಿಸ್ಟರನ್ನು ಚೀಲಕ್ಕೆ ತುರುಕಿಕೊಂಡು ಈಚೆ ಬಂದಿದ್ದ. "ಪಾಪ, ತಲೆ ಕೆಟ್ಟಿದೆ ಇವನಿಗೆ. ನಿದ್ದೆಯಿಲ್ಲ. ನಡಿಯಪ್ಪ, ಕಾರಲ್ಲಿ ಕೂತು ಮಾತಾಡೋಣ."

ದರ್ಜಿ ಹಗ್ಗದವನ ಅಂಗಿ ಹಿಡಿದು ಬಾಗಿಲ ಕಡೆ ನೂಕಿದ. "ನಡಿಯೋ ಆಚೆ! ನನ್ನ ತಂಗಿ ಮುಂದೆ ಮುಖ ತೋರಿಸಬೇಡ!" ಅಂಗಿಯ ಗುಂಡಿಯೊಂದು ಕಿತ್ತು ಬಂತು. ಹಗ್ಗದವನು ಕೈ ಎತ್ತಲಿಲ್ಲ. ಬಾಗಿಲ ತನಕವೂ ಹೋಗಲಿಲ್ಲ. ಪೆಟ್ಟಿಗೆಯ ಕಾಲದೆಸೆಗೆ ಬಂದು, ಬರಿಯ ನೆಲದ ಮೇಲೆ ಕೂತುಬಿಟ್ಟ.

"ಹೊಡೆಯೋದಿದ್ದರೆ ಹೊಡೀರಿ ಅಣ್ಣ. ಪೊಲೀಸರು ಬಂದರೆ ಇಲ್ಲಿಗೇ ಕಳಿಸಿ."

ದರ್ಜಿಯ ಎತ್ತಿದ ಕೈ ಯಾರ ಮೇಲೆ ಇಳಿಯಬೇಕೆಂದು ತಿಳಿಯದೆ ಹಾಗೇ ನಿಂತಿತು. ಅವನು ಮೊದಲ ಸಲ ಬಿಳಿಟೋಪಿಯ ಮುಖವನ್ನು ನೆಟ್ಟಗೆ ನೋಡಿದ. ಬಿಳಿಟೋಪಿ ಗಡಿಯಾರ ನೋಡಿದ.

ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು ಒಳಗೆ ಬಂದು, ಹೆಂಡತಿಯ ಕೈ ಹಿಡಿದು, "ಏನಾಗೋಯ್ತೇ ತಾಯಿ?" ಎಂದಳು. ಈ ಸಲ ಹೆಂಡತಿ ಬೂಟಿನ ದಾರದ ಮಾತು ಎತ್ತಲಿಲ್ಲ. ಕಿಟಕಿಯ ಕಡೆ ತಿರುಗಿ, ಬಾಯಿ ಮುಚ್ಚದೆ, ದೊಡ್ಡ ದನಿಯಲ್ಲಿ ಅತ್ತಳು. ಮೂರು ದಿನದಲ್ಲಿ ಮೊದಲ ಸಲ.

ಬಿಳಿಟೋಪಿ ಹೊಸ್ತಿಲಲ್ಲಿ ನಿಂತು ಬೆರಳಾಡಿಸಿದ. "ಕೊನೇ ಸಲ ಹೇಳ್ತಿದ್ದೀನಿ. ಏಳು."

"ಏಳಲ್ಲ ಸಾರ್. ಈ ಸಲ ಜಾಗ ಬಿಟ್ಟು ಬರಲ್ಲ."

ಹೆಣ ಎತ್ತುವವರು ಬಂದರು. ಒಬ್ಬೊಬ್ಬರೂ ಅವನ ಮೈ ತಾಗದಂತೆ ಬಳಸಿ ಬಂದು ಪೆಟ್ಟಿಗೆಯ ಸುತ್ತ ನಿಂತರು. ಜನ ಕಿಕ್ಕಿರಿದ ಆ ಕೋಣೆಯಲ್ಲಿ ಅವನ ಸುತ್ತ ಮಾತ್ರ ಒಂದು ಮೊಳ ನೆಲ ಖಾಲಿಯಿತ್ತು. ಅವನು ಅದರ ನಡುವೆ, ಮಡಿಚಿದ ಕಾಲು ಬಿಚ್ಚದೆ ಕೂತಿದ್ದ.