ಎರಡನೇ ಬ್ಯಾಚು

ಹನ್ನೆರಡೇ ಜನರ ಟೂರು ಎಂದಾಗಲೇ ಜಾನಕಮ್ಮನ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು. ಐವತ್ತು ಜನರನ್ನು ಬಸ್ಸಿಗೆ ತುಂಬಿ, ದೇವರ ಮುಖ ನೋಡುವ ಮೊದಲೇ ಹತ್ತಿ ಹತ್ತಿ ಎಂದು ಕೂಗುವ ಯಾತ್ರೆಗಳನ್ನು ಅವಳು ಕಂಡಿದ್ದಳು. ಇದು ಹಾಗಲ್ಲ. ಹನ್ನೆರಡು ಜನ, ಜೊತೆಗೊಬ್ಬ ಗೈಡು, ಎಂಟು ದಿನ, ಕಾಂಬೋಡಿಯ. ಅಲ್ಲಿನ ಅಂಕೋರ್ ವಾಟ್ ದೇವಾಲಯದ ಐದು ಗೋಪುರಗಳನ್ನು ಅವಳು ಶಿಡ್ಲಘಟ್ಟದ ಹೈಸ್ಕೂಲಿನ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾವುದಾದರೊಂದು ತರಲೆ ಎದ್ದು ನಿಂತು, "ಮಿಸ್, ನೀವು ನೋಡಿದೀರಾ?" ಎಂದು ಕೇಳುತ್ತಿತ್ತು. ಇಲ್ಲ ಎನ್ನುವುದು ಅವಳಿಗೆ ಪ್ರತಿ ವರ್ಷವೂ ಅವಮಾನವೇ.

ಟೂರಿನ ಸುದ್ದಿ ತಂದವಳು ಶ್ರೀವಲ್ಲಿ. ಅವಳೂ ಅದೇ ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮು. ಇಬ್ಬರ ಮನೆಯೂ ಚಿಂತಾಮಣಿಯಲ್ಲಿ, ಒಂದು ಬೀದಿ ಆಚೆ ಈಚೆ. ಇಪ್ಪತ್ತಾರು ವರ್ಷ ಬೆಳಗಿನ ಎಂಟರ ಬಸ್ಸಿನಲ್ಲಿ, ರೇಷ್ಮೆಗೂಡಿನ ಮೂಟೆಗಳ ನಡುವೆ ಕಾಲು ಮುದುರಿಕೊಂಡು, ಒಂದೇ ಸೀಟಿನಲ್ಲಿ ಕೂತು ಹೋಗಿ ಬಂದವರು. ಒಂದೇ ವರ್ಷ ರಿಟೈರಾದರು, ಒಂದೇ ದಿನ ಪಾಸ್‌ಪೋರ್ಟ್ ಮಾಡಿಸಿದರು. ಮೂರು ವರ್ಷದ ಹಿಂದೆ ಶ್ರೀವಲ್ಲಿಯ ಗಂಡ ತೀರಿಕೊಂಡಾಗ ಹದಿಮೂರು ದಿನವೂ ಆ ಮನೆಯಲ್ಲಿ ನಿಂತು ನಡೆಸಿದವಳು ಜಾನಕಮ್ಮ.

"ಇಬ್ರೂ ಒಂದೇ ರೂಮು ತಗೊಂಡುಬಿಡಣ ಕಣೆ," ಎಂದಿದ್ದಳು ಶ್ರೀವಲ್ಲಿ. ಟೂರು ನಡೆಸುವ ಮೋಹನ್‌ಬಾಬುವಿಗೆ ಇಬ್ಬರ ಹೆಸರನ್ನೂ ತಾನೇ ಹೇಳಿ ಬರುತ್ತೇನೆಂದು ಹೋದವಳು, ಸಂಜೆ ಮುಖ ಇಳಿಬಿಟ್ಟುಕೊಂಡು ಬಂದಳು. ನವೆಂಬರಿನಲ್ಲಿ ಎರಡು ಬ್ಯಾಚಂತೆ. ಒಂದನೇ ತಾರೀಖಿನದು ಭರ್ತಿಯಾಗಿದೆಯಂತೆ. ಉಳಿದಿರುವುದು ಹನ್ನೆರಡನೇ ತಾರೀಖಿನದು.

ಜಾನಕಮ್ಮ ಗೋಡೆಯ ಕ್ಯಾಲೆಂಡರನ್ನು ನೋಡಬೇಕಾಗಿಯೇ ಇರಲಿಲ್ಲ. ಹದಿನಾಲ್ಕಕ್ಕೆ ಕಾರ್ತಿಕ ಬಹುಳ ದಶಮಿ, ಮಾವನವರ ತಿಥಿ. ಗಂಡ ಯೋಗನರಸಿಂಹ ಒಬ್ಬನೇ ಮಗ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ, ಒದ್ದೆ ಸೀರೆಯುಟ್ಟು ಮಡಿಯಲ್ಲಿ ಆ ಅಡಿಗೆ ಮಾಡಿದವಳು ಅವಳು.

"ಬೇಜಾರಾಗ್ಬೇಡ್ವೆ. ಇನ್ನೊಂದ್ಸಲ ಹೋಗಣ. ನಾನೂ ಬಿಟ್ಬಿಡ್ಲಾ?" ಎಂದಳು ಶ್ರೀವಲ್ಲಿ.

ಹಾಗೆ ಕೇಳಿದರೆ ಯಾರು ತಾನೇ ಹ್ಞೂಂ ಬಿಟ್ಟುಬಿಡು ಎನ್ನುತ್ತಾರೆ? "ನೀನು ಹೋಗ್ಬಾರೆ. ಬಂದು ನನಗೆ ಎಲ್ಲಾ ಹೇಳು," ಎಂದಳು ಜಾನಕಮ್ಮ. ಶ್ರೀವಲ್ಲಿ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಒಂದು ಡಬ್ಬಿ ಚಟ್ನಿಪುಡಿ ಮಾಡ್ಕೊಡ್ತೀಯ ತಾನೆ? ನಿನ್ ಕೈದೇ ಆಗ್ಬೇಕು." ಜಾನಕಮ್ಮ ಮರುದಿನವೇ ಬಾಣಲೆ ಇಟ್ಟು, ಶ್ರೀವಲ್ಲಿಗೆ ಹೊಟ್ಟೆ ಉರಿ ಬರುತ್ತದೆಂದು ಮೆಣಸಿನಕಾಯಿ ಅರ್ಧ ಮಾಡಿ, ಡಬ್ಬಿ ತುಂಬಿಟ್ಟಳು.

ವಾರವೆಲ್ಲ ಅವಳು ಮಂಕಾಗಿದ್ದುದನ್ನು ನೋಡಿ ನೋಡಿ, ಗುರುವಾರ ಊಟಕ್ಕೆ ಕೂತಾಗ ಯೋಗನರಸಿಂಹ ಬಾಯಿಬಿಟ್ಟರು. "ಜಾನಕಿ, ನೀನು ಹೋಗ್ಬಾ. ಅಪ್ಪನ ತಿಥಿ ನಾನು ಮಾಡ್ತೀನಿ. ಅಡಿಗೆಗೆ ಮಠದಿಂದ ಯಾರನ್ನಾದ್ರೂ ಕರೆಸಿದ್ರಾಯ್ತು. ಇಷ್ಟು ವರ್ಷ ನೀನು ಮಾಡಿದ್ದು ಅಪ್ಪಂಗೆ ಗೊತ್ತಿಲ್ವಾ?"

ಜಾನಕಮ್ಮನಿಗೆ ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದು ತೋಚಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಯಾರಿಗೂ ಎದುರಾಡದೆ ಗುಮಾಸ್ತಿಕೆ ಮಾಡಿದ ಗಂಡ ಇಂಥ ದೊಡ್ಡ ಮಾತು ಆಡಬಲ್ಲರೆಂದು ಅವಳು ಅಂದುಕೊಂಡೇ ಇರಲಿಲ್ಲ. ಮೊದಲು ಶ್ರೀವಲ್ಲಿಗೆ ಹೇಳಬೇಕೆನಿಸಿತು. ಬೇಡ, ಸೀಟು ಗಟ್ಟಿಮಾಡಿಕೊಂಡೇ ಹೇಳಿ ಕುಣಿಸೋಣ ಎಂದು, ಕೈ ತೊಳೆದು ಮೋಹನ್‌ಬಾಬುವಿಗೆ ಫೋನು ಮಾಡಿದಳು.

"ಬನ್ನಿ ಅಮ್ಮ, ಸಂತೋಷ," ಎಂದ ಮೋಹನ್‌ಬಾಬು. "ಎರಡನೇ ಬ್ಯಾಚಲ್ಲಿ ನಿಮ್ಮದು ಒಂದೇ ಸೀಟು ಬಾಕಿ ಇರೋದು, ನಾಳೆ ಸಂಜೆ ಒಳಗೆ ಹೇಳ್ಬೇಕಿತ್ತು, ಹೇಳಿದ್ರಿ. ಒಂದನೇ ತಾರೀಖಿಗೇ ಹಾಕಿದ್ದೆ ನಿಮ್ಮಿಬ್ಬರ್ನೂ. ಶ್ರೀವಲ್ಲಿ ಮೇಡಮ್ಮೇ ಬೇಡ, ನಮ್ಮಿಬ್ಬರಿಗೂ ಹನ್ನೆರಡನೇ ತಾರೀಖೇ ಅನುಕೂಲ ಅಂತ ಬದಲಾಯಿಸಿದ್ರು. ಆ ಮೊದಲ್ನೇ ಬ್ಯಾಚಲ್ಲಿ ಇನ್ನೂ ಎರಡು ಸೀಟು ಹಂಗೇ ಬಿದ್ದಿದೆ ನೋಡಿ."

"ಆಮೇಲೆ ಮಾಡ್ತೀನಪ್ಪ," ಎಂದು ಜಾನಕಮ್ಮ ಫೋನು ಇಟ್ಟಳು.

ಮೋಹನ್‌ಬಾಬುವೇ ಏನೋ ತಪ್ಪು ತಿಳಿದುಕೊಂಡಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಎಷ್ಟು ಹೇಳಿಕೊಂಡರೂ ಒಂದು ವಿಷಯಕ್ಕೆ ಸಮಾಧಾನ ಸಿಗಲಿಲ್ಲ. ಮಾವನವರ ತಿಥಿ ಇಂಗ್ಲಿಷ್ ತಾರೀಖಿನಲ್ಲಿ ವರ್ಷವರ್ಷವೂ ಹಿಂದೆ ಮುಂದೆ ಸರಿಯುತ್ತದೆ. ಯುಗಾದಿಗೆ ಸ್ಟಾಫ್ ರೂಮಿಗೆ ಪಂಚಾಂಗ ಬಂದ ದಿನವೇ ಶ್ರೀವಲ್ಲಿ ಕಾರ್ತಿಕ ಮಾಸ ತೆಗೆದು, ಬಹುಳ ದಶಮಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದಳು. ಏಕೆಂದರೆ ಆ ದಿನ ಜಾನಕಮ್ಮನ ಕ್ಲಾಸುಗಳನ್ನು ತೆಗೆದುಕೊಳ್ಳಬೇಕಾದವಳು ಅವಳೇ. ಪ್ರಪಂಚದಲ್ಲಿ ಆ ದಿನ ಗೊತ್ತಿದ್ದವರು ಮೂರೇ ಜನ, ಅದರಲ್ಲೊಬ್ಬಳು ಶ್ರೀವಲ್ಲಿ.

ಇಳಿಹೊತ್ತಿನಲ್ಲಿ ಹೋದಾಗ ಶ್ರೀವಲ್ಲಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಂತಿಯ ಮೇಲೆ ಮೂರು ಹೊಸ ಚೂಡಿದಾರ. ಒಂದನ್ನೂ ಜಾನಕಮ್ಮ ನೋಡಿರಲಿಲ್ಲ.

"ಮೊದಲ್ನೇ ಬ್ಯಾಚಲ್ಲಿ ಸೀಟಿದೆಯಂತಲ್ಲೇ," ಎಂದಳು.

"ಯಾರಂದ್ರು?" ಎಂದಳು ಶ್ರೀವಲ್ಲಿ.

ಇಲ್ಲ ಎನ್ನಲಿಲ್ಲ, ಯಾರಂದರು ಎಂದಳು. ಜಾನಕಮ್ಮನಿಗೆ ಉಳಿದಿದ್ದ ಚೂರು ಆಸೆಯೂ ಅಲ್ಲಿಗೆ ಮುಗಿಯಿತು.

"ತಿಥಿ ಮರ್ತೇಹೋಗಿತ್ತು ಕಣೆ ನಂಗೆ."

"ನಿಂಗಾ? ಸುಳ್ಳು ಹೇಳಕ್ಕೂ ಒಂದು ಮಿತಿ ಬೇಡ್ವಾ ಶ್ರೀ?"

ಶ್ರೀವಲ್ಲಿ ಕ್ಲಿಪ್ಪುಗಳ ಬುಟ್ಟಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಅಲ್ಲೇ ಕೂತಳು. ಮಾತು ಹೊರಟ ಮೇಲೆ ನಿಲ್ಲಲಿಲ್ಲ.

"ನೀನು ಬಂದ್ರೆ ನಾನು ಚಿಂತಾಮಣೀಲೇ ಇದ್ದಂಗೆ ಕಣೆ. ಇದನ್ನ ಹಾಕ್ಕೊಂಡ್ರೆ ನೀನು ನೋಡ್ತೀಯ. ಮೊಟ್ಟೆ ಹಾಕಿರೋ ಕೇಕ್ ತಿಂದ್ರೆ ನೋಡ್ತೀಯ. ಜೋರಾಗಿ ನಕ್ರೆ, ಗಂಡ ಸತ್ತು ಮೂರು ವರ್ಷ ಆಯ್ತಷ್ಟೆ ಅನ್ನೋಂಗೆ ನೋಡ್ತೀಯ. ಬೈಯಲ್ಲ ನೀನು. ಬೈದಿದ್ರೆ ನಾನೂ ಬೈದು ಸುಮ್ನಾಗ್ತಿದ್ದೆ. ಎಂಟು ದಿನ ನನ್ನ ಗೊತ್ತಿರೋರು ಒಬ್ರೂ ಇರ್ಬಾರ್ದು ಅನ್ನಿಸ್ತು. ಅಷ್ಟೇ."

ಜಾನಕಮ್ಮನಿಗೆ ಅದು ಪೂರ್ತಿ ಸುಳ್ಳು ಎನ್ನಲಾಗಲಿಲ್ಲ. ಈಗ ಬಂದ ಕೂಡಲೇ ಆ ಚೂಡಿದಾರಗಳನ್ನು ಅವಳು ನೋಡಿದ್ದಳಲ್ಲ, ಹಾಗೆಯೇ. ಆದರೆ ಅದಕ್ಕಿಂತ ದೊಡ್ಡದೊಂದು ಸಿಟ್ಟು ಎದ್ದು ಬಂತು.

"ಬರ್ಬೇಡ ಅನ್ಬೋದಿತ್ತಲ್ಲೇ! ಅಳ್ತಿದ್ದೆ, ಎರಡು ದಿನ ಮಾತು ಬಿಡ್ತಿದ್ದೆ. ನಮ್ಮ ಮಾವನ ತಿಥೀನ ಯಾಕೆ ಅಡ್ಡ ಇಟ್ಟೆ? ನಾನು ನಂಬಿ ಹೇಳಿದ್ದ ದಿನ ಅದು. ಅದನ್ನೇ ಹುಡುಕಿ ತೆಗ್ದು ನನಗೇ ಚುಚ್ಚಿದೆ. ಆಮೇಲೆ ಚಟ್ನಿಪುಡಿ ಬೇರೆ ಕೇಳ್ದೆ."

ಜಾನಕಮ್ಮ ಕಾಫಿಗೂ ನಿಲ್ಲದೆ ಬಂದಳು. ದಾರಿಯುದ್ದಕ್ಕೂ ಅತ್ತಳು. ತರಕಾರಿ ಗಾಡಿಯವಳು ಏನಾಯ್ತು ಮಿಸ್ ಎಂದು ಕೇಳಿದಾಗ ಕಣ್ಣಿಗೆ ಧೂಳು ಎಂದಳು.

ಆ ಟೂರಿಗೆ ಹೋಗಲೋ ಬೇಡವೋ ಎಂದು ಶುಕ್ರವಾರ ಬೆಳಗಿನಿಂದ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಹಟಕ್ಕೆ ಹನ್ನೆರಡನೇ ತಾರೀಖಿಗೇ ಹೋಗಿ, ಅದೇ ರೂಮಿನಲ್ಲಿ ಎಂಟು ದಿನ ಎದುರಿಗೆ ಕೂತು ನೋಡುತ್ತಲೇ ಇದ್ದರೆ? ಆ ಯೋಚನೆ ಅರ್ಧ ಗಂಟೆ ರುಚಿಯಾಗಿತ್ತು, ಆಮೇಲೆ ಅವಳಿಗೇ ಅಸಹ್ಯವಾಯಿತು. ಬಿಟ್ಟೇಬಿಟ್ಟರೆ? ಹಾಗಾದರೆ ಶ್ರೀವಲ್ಲಿ ಅಂದುಕೊಂಡಂತೆಯೇ ಆದ ಹಾಗೆ. ಹಿಂದಿನ ಬೆಂಚಿನ ಆ ತರಲೆಗೆ ಸಾಯುವವರೆಗೂ ಇಲ್ಲ ಎಂದೇ ಹೇಳಬೇಕು.

ಸಂಜೆ ಐದಕ್ಕೆ ಫೋನು ಮಾಡಿದಳು. "ಮೋಹನ್‌ಬಾಬು, ಒಂದನೇ ತಾರೀಖಿನ ಬ್ಯಾಚಲ್ಲಿ ನಮ್ಮೂರೋರು ಯಾರಾದ್ರೂ ಇದಾರಾ?"

"ಇಲ್ಲಮ್ಮ, ಎಲ್ಲಾ ಗೌರಿಬಿದನೂರು, ಚಿಕ್ಕಬಳ್ಳಾಪುರದೋರು. ನಿಮಗೆ ಪರಿಚಯ ಇರೋರು ಒಬ್ರೂ ಇಲ್ಲ. ಬೇಜಾರಾಗುತ್ತೇನೋ..."

"ನನ್ನ ಹೆಸರು ಅದಕ್ಕೇ ಬರ್ಕೊಳಪ್ಪ. ಒಬ್ಬಳೇ."

ಯೋಗನರಸಿಂಹ ಅಡಿಗೆಮನೆಯಿಂದ ಡಬ್ಬಿ ಹಿಡಿದುಕೊಂಡು ಬಂದರು. "ಈ ಚಟ್ನಿಪುಡಿ ಏನು ಮಾಡಣ? ಖಾರಾನೇ ಇಲ್ಲ, ನಾವ್ಯಾರೂ ತಿನ್ನಲ್ಲ."

"ಅವಳಿಗೆ ಕೊಟ್ಬನ್ನಿ. ಅವಳಿಗೇ ಅಂತ ಮಾಡಿದ್ದು."

ಅವರು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿದ್ದರು. ಜಾನಕಮ್ಮ ಹಿಂದೆಯೇ ಹೋಗಿ ನಿಲ್ಲಿಸಿದಳು.

"ನೋಡಿ, ನಾನು ಒಂದನೇ ತಾರೀಖಿಗೆ ಹೊರಡ್ತೀನಿ ಅಂತ ಮಾತ್ರ ಅವಳ ಹತ್ರ ಹೇಳ್ಬೇಡಿ."

ಇಷ್ಟು ವರ್ಷಗಳಲ್ಲಿ ಶ್ರೀವಲ್ಲಿಗೆ ಹೇಳದೆ ಅವಳು ಇಟ್ಟುಕೊಂಡ ಮೊದಲ ಸುದ್ದಿ ಅದು.