ಕೋಟಿನ ನೀಲಿ ಗುಂಡಿ

ನೀಲಿ ಗುಂಡಿ, ಕಂದು ಕೋಟಿನ ಎರಡು ಕಂದು ಗುಂಡಿಗಳ ಕೆಳಗೆ ಒಂದೇ ಒಂದು ನೀಲಿ, ಅಯ್ಯೋ ದೇವರೇ, ಇವರಾ, ಓಡೆಲ್ ಮೇಷ್ಟ್ರಾ, ಈ ದೊಡ್ಡ ವಿಶ್ವವಿದ್ಯಾಲಯದಲ್ಲಾ, ವೇಳಾಪಟ್ಟಿಯಲ್ಲಿ ಪಾಠ ಮಾಡುವವರ ಹೆಸರೇ ಹಾಕಿರಲಿಲ್ಲವಲ್ಲ, ವರ್ನಾ ಇನ್ನೂ ಮೂರನೇ ಸಾಲಿನಲ್ಲಿ ಚೀಲ ಕೂಡ ಇಳಿಸಿರಲಿಲ್ಲ, ಪಕ್ಕದ ಹುಡುಗಿ ಆಗಲೇ ಕೇಳಿಯಾಗಿತ್ತು, ಮೇಡಂ, ನೀವೇನಾ ಪಾಠ ಮಾಡೋರು, ಅಲ್ಲಮ್ಮ, ನಾನೂ ನಿನ್ನ ಥರಾನೇ ಕಲಿಯೋಳು, ನಲವತ್ನಾಲ್ಕಕ್ಕೆ, ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಬಿಟ್ಟು ಬಂದವಳು—ಆ ಗುಂಡಿ ಇವಳದೇ, ನದಿಯಾಚೆಯ, ದುಡಿಯುತ್ತಲೇ ಓದುವವರ ಸಮುದಾಯ ಕಾಲೇಜಿನಲ್ಲಿ ಒಂದು ಶನಿವಾರ ಮೇಷ್ಟ್ರ ಕೋಟಿನ ಗುಂಡಿ ಕಿತ್ತುಹೋಗಿ ಎಲ್ಲೋ ಉರುಳಿತ್ತು, ಕೊಡಿ ಇಲ್ಲಿ ಎಂದು ಇವಳು ತನ್ನ ಚಾಲಕಿ ಸಮವಸ್ತ್ರದ್ದೊಂದನ್ನು ಹೊಲಿದುಕೊಟ್ಟಳು, ಚೀಲದಲ್ಲಿ ಸೂಜಿ ದಾರ ಸದಾ ಇರುತ್ತದೆ, ಬಸ್ಸಿನ ಮಕ್ಕಳು ಏನಾದರೂ ಹರಿದುಕೊಳ್ಳುತ್ತಲೇ ಇರುತ್ತಿದ್ದವು, ಬಣ್ಣ ಹೊಂದಲ್ಲ ಸಾರ್, ಇರಲಿ ಬಿಡು ವರ್ನಾ, ನನ್ನ ಯಾರು ನೋಡ್ತಾರೆ—ಹಾಗಾದರೆ ಅಲ್ಲಿ ಇವರೇ ಕಲಿಸಿ ತಾನು ಪಾಸಾದ ಅದೇ ಸಂಖ್ಯಾಶಾಸ್ತ್ರ, ಅದೇ ಪುಸ್ತಕ, ಅದೇ ಮನುಷ್ಯ, ಮತ್ತೆ ಇಲ್ಲಿಯ ಪ್ರವೇಶ ಕಚೇರಿಯ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ್ದೇನು, ಸಾರಿ ಮೇಡಂ, ಅಲ್ಲಿ ಪಾಸಾಗಿದ್ದು ನಮ್ಮ ಮಟ್ಟಕ್ಕೆ ಬರಲ್ಲ, ಇದನ್ನ ಮೊದಲಿಂದ ಮಾಡಿ, ಇದಾಗದೆ ಮುಂದಿನದಕ್ಕೆ ಕೂರೋ ಹಾಗಿಲ್ಲ, ಅಂದರೆ ಇನ್ನೂ ಒಂದು ವರ್ಷ, ಎರಡೇ ವರ್ಷ ಅಂತ ನೀನೇ ಅಂದಿದ್ದೆ ಕಣೇ ಎಂದು ಗಂಡ ರಾಯ್ಸ್ ತಟ್ಟೆ ಸರಿಸಿ ಎದ್ದಿದ್ದ, ಮಟ್ಟವಂತೆ ಮಟ್ಟ, ನಿಮ್ಮ ಮಟ್ಟಕ್ಕಿಷ್ಟು ಬೆಂಕಿ ಹಾಕ, ಸೇತುವೆ ದಾಟಿದ ಕೂಡಲೇ ಮೇಷ್ಟ್ರ ತಲೆ ಬೆಳೆದುಬಿಡುತ್ತದಾ.

ಎದ್ದು ಮೇಷ್ಟ್ರ ಹತ್ತಿರ ಹೋದಳು, ಪಾಠ ಶುರುವಾಗಲು ಇನ್ನೂ ಐದು ನಿಮಿಷ, ಸಾರ್, ಎರಡೂ ಒಂದೇ ಪಾಠ ಅಂತ ಒಂದು ಸಾಲು ಬರೆದುಕೊಡಿ, ನನಗೊಂದು ವರ್ಷ ಉಳಿಯುತ್ತೆ, ಅವರು ಕಂಪ್ಯೂಟರಿನ ತಂತಿ ಸಿಕ್ಕಿಸುವ ನೆಪದಲ್ಲಿ ಬಗ್ಗಿದರು, ಬೇಡ ವರ್ನಾ, ದಯವಿಟ್ಟು, ಇಲ್ಲಿ ನಂದು ಆರಾರು ತಿಂಗಳ ಕೆಲಸ, ಅಲ್ಲಿ ಹೇಳೋದನ್ನೇ ಇಲ್ಲೂ ಹೇಳ್ತೀನಿ ಅಂತ ನಾನೇ ಬರೆದುಕೊಟ್ರೆ ನಾಳೆ ನನ್ನ ಇಟ್ಕೋತಾರಾ, ನಿನಗೇನು, ಎಲ್ಲಾ ಬರುತ್ತೆ, ನಿದ್ದೆಗಣ್ಣಲ್ಲೂ ಪಾಸಾಗ್ತೀಯ, ಮತ್ತೆ, ನಾವು ಮೊದಲೇ ಪರಿಚಯ ಅಂತ ಯಾರಿಗೂ ಹೇಳಬೇಡ—ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೇ ಮೈಯೆಲ್ಲ ಉರಿಯಿತು, ಬಂದು ಕೂತಳು, ಈಗ ನಾಣ್ಯ ಚಿಮ್ಮುತ್ತಿದ್ದಾರೆ, ಅದೇ ನಾಣ್ಯ, ಹತ್ತು ಸಲವೂ ತಲೆಯೇ ಬಿತ್ತು ಅಂದುಕೊಳ್ಳಿ, ಹನ್ನೊಂದನೇ ಸಲ ಏನು, ನನ್ನ ಹೆಂಡತೀನ ಕೇಳಬೇಡಿ, ಅವಳು ಹತ್ತು ವರ್ಷಕ್ಕೇ ಬಿಟ್ಟು ಹೋದಳು, ಅಲ್ಲಿ ಇದೇ ಮಾತಿಗೆ ಲಾರಿಯವರು, ಅಡುಗೆಯವರು, ದಾದಿಯರು ಹೊಟ್ಟೆ ಹಿಡಿದು ನಕ್ಕಿದ್ದರು, ಇಲ್ಲಿ ಈ ಮಕ್ಕಳು ಅದನ್ನೂ ಬರೆದುಕೊಳ್ಳುತ್ತಿವೆ, ಯಾರು ಹೇಳ್ತೀರಿ, ಮನಸ್ಸಿನಲ್ಲೇ ಅಂದುಕೊಂಡಳು, ಅರ್ಧಕ್ಕರ್ಧ ಸಾರ್, ನಾಣ್ಯಕ್ಕೆ ಹಿಂದಿನದು ನೆನಪಿರಲ್ಲ, ನೀವೇ ಹೇಳಿಕೊಟ್ಟಿದ್ದು, ಇವಳ ಕೈ ತಾನಾಗಿ ಮೇಲೆದ್ದಿದೆ, ಅವರು ನೋಡಿದರು, ನೋಡಿಯೂ ಗುರುತಿಲ್ಲದವರ ಹಾಗೆ, ಹಾಂ, ಮೂರನೇ ಸಾಲಿನವರು, ನಿಮ್ಮ ಹೆಸರು—ಹೆಸರು ಕೇಳುತ್ತಲೇ ಮೇಷ್ಟ್ರ ಅಂಗೈ ಕೋಟಿನ ಮೇಲೆ ಸರಿದು ನಿಂತಿತು, ಬೆರಳ ಸಂದಿಯಲ್ಲಿ ನೀಲಿ, ನಾಲ್ಕೂ ತೂತಿಗೆ ಎರಡೆರಡು ಸಲ ದಾರ ಎಳೆದು ಬಿಗಿದಿದ್ದಳು, ಅಷ್ಟು ಸುಲಭಕ್ಕೆ ಕಿತ್ತುಬರುವುದಿಲ್ಲ, ಆ ನೀಲಿ ಗುಂಡಿ, ನೀಲಿ ಗುಂಡಿ